ಬನಿಯನ್ನಿನಲ್ಲಿ ಚನ್ನರಾಯಪಟ್ಟಣ

ಎರಡೂವರೆ ವರ್ಷದ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಬಳ್ಳಾರಿಯಿಂದ ಅರಕಲಗೂಡಿಗೆ ಹೋಗುವುದು ಏನು ಮಹಾ ಕೆಲಸ ಎಂದು ನಾನು ಕೇಳಿದ್ದು ನಿಜ. ಕೇಳಿದ್ದು ಹೆಂಡತಿಯನ್ನು. ಅವಳು ಉತ್ತರ ಕೊಡಲಿಲ್ಲ. ಹೆಂಡತಿ ಉತ್ತರ ಕೊಡದೆ ಸುಮ್ಮನಾದರೆ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು ಎಂಬ ಸಾಮಾನ್ಯ ಜ್ಞಾನ ಅಷ್ಟು ವರ್ಷ ಸಂಸಾರ ಮಾಡಿದವನಿಗೆ ಇರಬೇಕಿತ್ತು. ಇರಲಿಲ್ಲ!

ಯುಗಾದಿ ಹಬ್ಬಕ್ಕೆ ಊರಿಗೆ ಹೊರಟಿದ್ದೆವು. ಅರಕಲಗೂಡಿನಲ್ಲಿ ನನ್ನ ಅವ್ವ, ತಮ್ಮ, ತಮ್ಮನ ಹೆಂಡತಿ ಎಲ್ಲರೂ ಒಂದೇ ಮನೆಯಲ್ಲಿದ್ದಾರೆ. ಪ್ರತಿ ಸಲ ಬಸ್ಸಿಗೇ ಹೋಗುತ್ತಿದ್ದೆವು. ಈ ಸಲ ನನ್ನ ಬಳಿ ಕಾರಿತ್ತು. ಯಾರೋ ಚೆನ್ನಾಗಿ ಬಳಸಿ, ಸಾಕಾಗಿ, ಮಾರಿದ್ದ ಬಿಳಿ ಕಾರು. ಅದನ್ನು ಊರಿನ ಬೀದಿಯಲ್ಲಿ ನಿಲ್ಲಿಸಿ, ಅಕ್ಕಪಕ್ಕದವರು ಕಿಟಕಿಯಿಂದ ನೋಡುವುದನ್ನು ನಾನು ನೋಡಬೇಕೆಂಬ ಸಣ್ಣ ಆಸೆ.

"ಬಸ್ಸಿಗೇ ಹೋಗೋಣ ಕಣ್ರೀ. ಚಿನ್ನಿ ತೊಡೆ ಮೇಲೆ ಮಲಗ್ತಾಳೆ" ಎಂದಳು ರೂಪ.

"ಕಾರಲ್ಲಿ ಇನ್ನೂ ಚೆನ್ನಾಗಿ ಮಲಗ್ತಾಳೆ. ಬೆಳಗಿನ ಜಾವ ಹೊರಡೋದು, ಅವಳು ಕಣ್ಣು ಬಿಡೋ ಹೊತ್ತಿಗೆ ತಿಪಟೂರು. ಇನ್ನೊಂದು ನಿದ್ದೆ ಮಾಡಿ ಎದ್ರೆ ಅಜ್ಜಿ ಮನೆ!"

ನನ್ನ ಧೈರ್ಯಕ್ಕೆ ಇನ್ನೊಂದು ಕಾರಣವಿತ್ತು. ನಾನು ಬಳ್ಳಾರಿಯ ಹತ್ತಿರ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಕುದಿಯುವ ಕಬ್ಬಿಣದ ಪಕ್ಕದಲ್ಲಿ ಓಡಾಡುವ ನೂರಾರು ಜನರನ್ನು ಸಂಜೆ ಮನೆಗೆ ಕ್ಷೇಮವಾಗಿ ಕಳಿಸುವವನು, ಒಂದು ಮಗುವನ್ನು ಅಜ್ಜಿ ಮನೆ ಮುಟ್ಟಿಸಲಾರನೇ? ಪ್ರಯಾಣದ ಹಿಂದಿನ ದಿನ ಟೈರಿನ ಗಾಳಿ, ಬ್ರೇಕು, ದೀಪ ಎಲ್ಲ ಪರೀಕ್ಷಿಸಿದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟೆ. ಅಪಾಯದ ಹೊತ್ತಿನಲ್ಲಿ ಗಾಜು ಒಡೆಯಲು ಒಂದು ಪುಟ್ಟ ಸುತ್ತಿಗೆ ತಂದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟೆ. ಕಾರಿನ ಎರಡನೇ ಕೀಯನ್ನೂ ಕಳೆದುಹೋಗಬಾರದೆಂದು ಅಲ್ಲೇ ಭದ್ರಪಡಿಸಿದೆ. ಮಗುವಿಗೆಂದೇ ಬೆಲ್ಟಿನ ಸೀಟು ಕೊಂಡು ಹಿಂದೆ ಕಟ್ಟಿದೆ. ಸುರಕ್ಷತೆಯ ದೃಷ್ಟಿಯಿಂದ ಆ ಕಾರಿನಲ್ಲಿ ಒಂದೇ ಒಂದು ಕೊರತೆ ಇತ್ತು. ಅದನ್ನು ನಾನು ಓಡಿಸುತ್ತಿದ್ದೆ!

ಬೆಳಗಿನ ಜಾವ ಚಿನ್ನಿಯನ್ನು ಹೂವಿನಂತೆ ಎತ್ತಿ ತಂದು ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಕಣ್ಣು ಬಿಡಲಿಲ್ಲ. ರೂಪಳ ಕಡೆ ವಿಜಯದ ನಗೆ ಬೀರಿ ಕೀ ತಿರುಗಿಸಿದೆ. ಎಂಜಿನ್ ಗುರ್ ಎಂದಿತು. ಚಿನ್ನಿ ಎರಡೂ ಕಣ್ಣು ಅಗಲಿಸಿ, "ಅಜ್ಜಿ ಮನೆ ಬಂತಾ?" ಎಂದಳು.

"ಇಲ್ಲ ಬಂಗಾರ, ಮಲಕ್ಕೋ."

"ಈಗ ಬಂತಾ?"

ಗೇಟು ದಾಟಿರಲಿಲ್ಲ. ಇದೇ ಪ್ರಶ್ನೆ ಚಳ್ಳಕೆರೆಯವರೆಗೆ ನಡೆಯಿತು. ಅಲ್ಲಿ ಇಡ್ಲಿ ತಿನ್ನಿಸಿದೆವು. "ಕಾರಲ್ಲಿ ಬರೋ ಮಗೂಗೆ ಹೊಟ್ಟೆ ತುಂಬ ಕೊಡಬೇಡಿ" ಎಂದಳು ರೂಪ. ಬಾಯಿ ತುಂಬಿದ್ದರೆ ಪ್ರಶ್ನೆ ಕೇಳುವುದಿಲ್ಲ ಎಂಬ ದೂರದೃಷ್ಟಿಯಿಂದ ನಾನು ಮೇಲೊಂದು ಬಾಳೆಹಣ್ಣು, ಅದರ ಮೇಲೊಂದು ಮಾವಿನ ಹಣ್ಣಿನ ಜ್ಯೂಸು ಕೊಡಿಸಿದೆ.

ಹಿರಿಯೂರು ದಾಟಿದ ಮೇಲೆ ಚಿನ್ನಿ ಇದ್ದಕ್ಕಿದ್ದಂತೆ ಮೌನವಾದಳು. "ನೋಡಿದ್ಯಾ, ನಿದ್ದೆ ಬಂತು" ಎಂದೆ. ರೂಪ ಹಿಂದೆ ತಿರುಗಿ ನೋಡಿ, "ರೀ, ಗಾಡಿ ನಿಲ್ಲಿಸಿ!" ಎಂದು ಕಿರುಚಿದಳು. ನಿಲ್ಲಿಸಿ ಹಾರಿ ಇಳಿದು ಬಾಗಿಲು ತೆಗೆದು ಬಗ್ಗಿದೆ. ಸರಿಯಾದ ಸಮಯಕ್ಕೆ ಸರಿಯಾದ ಜಾಗದಲ್ಲಿದ್ದೆ. ಇಡ್ಲಿ, ಬಾಳೆಹಣ್ಣು, ಮಾವು ಮೂರೂ ನನ್ನ ಶರ್ಟಿನ ಮೇಲೆ ಬಂದು ಇಳಿದವು!

ಮಗುವಿಗೆ ಬೇರೆ ಫ್ರಾಕು ಹಾಕಿದೆವು. ನನ್ನ ಬಟ್ಟೆಯ ಬ್ಯಾಗು ಡಿಕ್ಕಿಯ ತಳದಲ್ಲಿ, ಹಬ್ಬದ ಸಾಮಾನಿನ ಅಡಿಯಲ್ಲಿತ್ತು.

"ತೆಗೀರಿ, ಬೇರೆ ಶರ್ಟ್ ಹಾಕ್ಕೊಳ್ಳಿ."

"ಅದನ್ನೆಲ್ಲ ಯಾರು ಕೆಳಗಿಳಿಸ್ತಾರೆ? ಕಾರಲ್ಲಿ ನನ್ನನ್ನ ಯಾರು ನೋಡ್ತಾರೆ?" ಎಂದು ಶರ್ಟು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬನಿಯನ್ನಿನಲ್ಲೇ ಸ್ಟಿಯರಿಂಗ್ ಹಿಡಿದೆ. ಬದುಕಿನಲ್ಲಿ ಕೆಲವು ಮಾತುಗಳನ್ನು ಜೋರಾಗಿ ಆಡಬಾರದು.

ಹುಳಿಯಾರಿನ ಹೊತ್ತಿಗೆ ಚಿನ್ನಿ ತನ್ನ ಸೀಟಿನ ಬೆಲ್ಟು ಬಿಚ್ಚುವುದನ್ನು ಕಲಿತಳು. ರೂಪ ಹಾಕುವುದು, ಅವಳು ಬಿಚ್ಚಿ ಎದ್ದು ನಿಲ್ಲುವುದು. ಎದುರಿನಿಂದ ಲಾರಿಗಳು ಬರುತ್ತಿವೆ, ಹಿಂದೆ ನನ್ನ ಮಗಳು ಸೀಟಿನ ಮೇಲೆ ಕುಣಿಯುತ್ತಿದ್ದಾಳೆ. ನನ್ನ ಎದೆ ಪ್ರತಿ ಲಾರಿಗೂ ಒಮ್ಮೆ ನಿಂತು ಮುಂದೆ ಹೊರಡುತ್ತಿತ್ತು. ಕೊನೆಗೆ ಗಾಡಿ ಬದಿಗೆ ಹಾಕಿ, ಕಪ್ಪು ಕನ್ನಡಕ ಏರಿಸಿ, ಟವೆಲನ್ನು ಮುಖಕ್ಕೆ ಸುತ್ತಿಕೊಂಡು ಹಿಂದೆ ತಿರುಗಿ ಗುಡುಗಿದೆ: "ನಾನು ಗುಮ್ಮ! ಬೆಲ್ಟ್ ಬಿಚ್ಚಿದ ಮಕ್ಕಳನ್ನ ಎತ್ಕೊಂಡು ಹೋಗ್ತೀನಿ!"

ಚಿನ್ನಿ ಬೆಚ್ಚಿ ಕೂತಳು. ನಾನು ಟವೆಲ್ ತೆಗೆದ ಮೇಲೆ ಕಿಲಕಿಲ ನಕ್ಕಳು. ಅಲ್ಲಿಂದ ಮುಂದೆ ನನ್ನನ್ನು ಅಪ್ಪ ಎನ್ನುವುದನ್ನೇ ಬಿಟ್ಟಳು. "ಗುಮ್ಮ, ನೀರು ಕೊಡು. ಗುಮ್ಮ, ಹಾಡು ಆನ್ ಮಾಡು." ರೂಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ತಿಪಟೂರು ದಾಟಿ, ನುಗ್ಗೇಹಳ್ಳಿ ದಾಟಿ ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ನಡುಮಧ್ಯಾಹ್ನ. ಬಿಸಿಲು ಬಾಣಲೆಯಂತೆ ಕಾದಿತ್ತು. ಚಿನ್ನಿ ಇನ್ನೊಂದು ಸಲ ವಾಂತಿ ಮಾಡಿಕೊಂಡು, ಅತ್ತು ಸುಸ್ತಾಗಿ, ಊರು ದಾಟಿ ಹೊಳೆನರಸೀಪುರದ ರಸ್ತೆಗೆ ಬಂದಾಗ ಕೊನೆಗೂ ಕಣ್ಣು ಮುಚ್ಚಿದಳು. ರಸ್ತೆ ಪಕ್ಕ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಎಳನೀರು ರಾಶಿ ಹಾಕಿಕೊಂಡು ಕೂತಿದ್ದಳು. ನೆರಳೆಲ್ಲ ಅವಳ ರಾಶಿಗೂ ನಾಲ್ಕಾರು ಬೈಕುಗಳಿಗೂ ಸಂದುಹೋಗಿತ್ತು. ನಾನು ಕಾರನ್ನು ಬಿಸಿಲಲ್ಲೇ ನಿಲ್ಲಿಸಿದೆ. ಮುಂದೆ ರಸ್ತೆ ಸ್ವಲ್ಪ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಹೇಮಾವತಿ ನಾಲೆ.

"ಆ ಕಡೆ ಮೆಡಿಕಲ್ ಇದೆ. ವಾಂತಿಗೆ ಸಿರಪ್ ತರ್ತೀನಿ, ಪಕ್ಕದ ಹೋಟ್ಲಲ್ಲಿ ಫ್ರಾಕ್ ತೊಳ್ಕೊಂಡು ಬರ್ತೀನಿ. ನೀವು ಕಾರು ಬಿಟ್ಟು ಇಳೀಬೇಡಿ" ಎಂದು ರೂಪ ರಸ್ತೆ ದಾಟಿ ಹೋದಳು.

ಇಳಿಯಲೇಬಾರದು ಎಂದುಕೊಂಡೇ ಕೂತಿದ್ದೆ. ಆದರೆ ಬೆಳಗಿನಿಂದ ಸ್ಟಿಯರಿಂಗ್ ಹಿಡಿದ ಸೊಂಟ ಬೇರೆ ಮಾತು ಹೇಳಿತು. ಎಂಜಿನ್ ಚಾಲೂ ಇದೆ, ಎ.ಸಿ. ತಂಪಾಗಿ ಬೀಸುತ್ತಿದೆ, ಮಗು ಗಾಢ ನಿದ್ದೆಯಲ್ಲಿದೆ. ಬಾಗಿಲಿನ ಪಕ್ಕದಲ್ಲೇ ನಿಂತು ಒಮ್ಮೆ ಮೈ ಮುರಿದರೆ ಏನಾಗುತ್ತದೆ? ಕಳ್ಳನಂತೆ ಇಳಿದು, ಸದ್ದಾಗದಂತೆ ಬಾಗಿಲು ಒತ್ತಿ ಮುಚ್ಚಿದೆ. ಎರಡೂ ಕೈ ಮೇಲೆತ್ತಿ ಆಕಾಶ ನೋಡುತ್ತಾ ಮೈ ಮುರಿದೆ. ಹಾಯೆನಿಸಿತು. ಕೈ ಕೆಳಗಿಳಿಸಿ ನೋಡುತ್ತೇನೆ, ನನ್ನ ಮಗಳು ಡ್ರೈವರ್ ಸೀಟಿನ ಮೇಲೆ ನಿಂತಿದ್ದಾಳೆ!

"ಚಿನ್ನೀ..." ಎಂದು ಬಾಗಿಲಿಗೆ ಕೈ ಹಾಕುವುದಕ್ಕೂ ಅವಳು ಕಿಟಕಿಯ ಪಕ್ಕದ ಲಾಕು ಒತ್ತುವುದಕ್ಕೂ ಸರಿಹೋಯಿತು. ಟಕ್! ನಾಲ್ಕೂ ಬಾಗಿಲು ಒಟ್ಟಿಗೆ ಟಕ್!

ಮೊದಲು ನಾನು ನಕ್ಕೆ. ಮಗುವಿಗೆ ಗಾಬರಿಯಾಗಬಾರದಲ್ಲ. "ಬಂಗಾರ, ಅದನ್ನ ಮೇಲಕ್ಕೆ ಎಳಿ" ಎಂದು ಬೆರಳಿನಿಂದ ತೋರಿಸಿದೆ. ಅವಳು ಹಾರ್ನ್ ಒತ್ತಿದಳು. ಅದು ಅವಳಿಗೆ ಬಹಳ ಹಿಡಿಸಿತು. ನಾನು ಕುಣಿದೆ, ಕೈ ಮುಗಿದೆ, ಚಾಕೊಲೇಟು ಕೊಡಿಸುತ್ತೇನೆ ಎಂದು ಗಾಜಿಗೆ ಬಾಯಿ ಹಚ್ಚಿ ಕೂಗಿದೆ. ಅವಳು ಒಳಗಿನಿಂದ ಗಾಜಿಗೆ ಬಾಯಿ ಹಚ್ಚಿ ಮುತ್ತು ಕೊಟ್ಟಳು. ಆಮೇಲೆ ಗೇರಿನ ಮೇಲೆ ಕೈಯಿಟ್ಟಳು.

ಹ್ಯಾಂಡ್ ಬ್ರೇಕ್ ಹಾಕಿದ್ದೇನೆಯೇ? ಹಾಕಿದ್ದೆ. ಹಾಕಿದ್ದೆನೇ? ಬಗ್ಗಿ ನೋಡಿದೆ. ಪೂರ್ತಿ ಎಳೆದಿತ್ತೋ ಅರ್ಧ ಎಳೆದಿತ್ತೋ ಬಿಸಿಲಿನ ಹೊಳಪಿನಲ್ಲಿ ಗೊತ್ತಾಗಲಿಲ್ಲ. ಎಂಜಿನ್ ಓಡುತ್ತಿದೆ, ಮುಂದೆ ಇಳಿಜಾರು, ಅದರಾಚೆ ನಾಲೆ. ಓಡಿಹೋಗಿ ಕಾರಿನ ಮುಂದೆ ನಿಂತು ಎರಡೂ ಕೈಯಿಂದ ಬಾನೆಟ್ ಅದುಮಿ ಹಿಡಿದೆ. ಟನ್ನುಗಟ್ಟಲೆ ಭಾರದ ಯಂತ್ರವನ್ನು ಮನುಷ್ಯ ಕೈಯಿಂದ ತಡೆಯಲಾರ ಎಂದು ಕಾರ್ಖಾನೆಯಲ್ಲಿ ಪಾಠ ಮಾಡುವವನು ನಾನೇ. ಬಾನೆಟ್ ಕಾದ ಹಂಚಿನಂತೆ ಅಂಗೈ ಸುಡುತ್ತಿತ್ತು. ಬಿಡಲು ಧೈರ್ಯವಿಲ್ಲ.

ಎಳನೀರಿನ ಹೆಂಗಸು ಎದ್ದು ಬಂದಳು. ಎಲೆಯಡಿಕೆ ತುಂಬಿದ ಬಾಯಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ಯಾಕಣ್ಣ, ಕಾರು ತಬ್ಕಂಡು ನಿಂತಿದೀಯ?"

"ಮಗು... ಒಳಗೆ... ಲಾಕ್..."

ಅವಳು ಕಾರಿನೊಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಾನೆಟ್ಟಿನ ಧೂಳು ಮೆತ್ತಿದ ಬನಿಯನ್ನು, ಅದರಿಂದ ಬರುತ್ತಿದ್ದ ಹುಳಿ ವಾಸನೆ, ಕೆದರಿದ ತಲೆ. "ಯಾರ್ ಮಗ ಅದು?" ಎಂದಳು. ಅವಳ ದನಿಯಲ್ಲಿ ಅಣ್ಣ ಇರಲಿಲ್ಲ!

ಅಷ್ಟರಲ್ಲಿ ಚಿನ್ನಿ ಕೀ ತಿರುಗಿಸಿದಳು. ಎಂಜಿನ್ ನಿಂತಿತು. ದೇವರು ದೊಡ್ಡವನು ಎಂದು ಬಾನೆಟ್ ಬಿಟ್ಟು ಉಸಿರೆಳೆದುಕೊಂಡೆ. ಚಿನ್ನಿ ಕೀಯನ್ನು ಕಿತ್ತು ಎತ್ತಿ ಹಿಡಿದು ನನಗೆ ತೋರಿಸಿ, ಕೆಳಗೆ ಬೀಳಿಸಿದಳು. ಆಗ ನನಗೆ ಹೊಳೆಯಿತು. ಎಂಜಿನ್ ನಿಂತರೆ ಎ.ಸಿ.ಯೂ ನಿಂತಂತೆ. ಗಾಜುಗಳೆಲ್ಲ ಮುಚ್ಚಿವೆ. ಮೇಲೆ ಬೆಂಕಿಯಂಥ ಬಿಸಿಲು.

ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತಿಳಿದುಕೊಳ್ಳುವುದೇ ನನ್ನ ಉದ್ಯೋಗ. ಆ ಘಳಿಗೆಯಲ್ಲಿ ನಾನು ಏನೂ ಓದದ ಮನುಷ್ಯನಾಗಿದ್ದರೆ ಚೆನ್ನಾಗಿತ್ತು. ಫೋನು ಒಳಗೆ, ಶರ್ಟು ಒಳಗೆ, ಗುರುತಿನ ಚೀಟಿ ಒಳಗೆ. ಎರಡನೇ ಕೀ ಭದ್ರವಾಗಿ ಒಳಗೆ. ಗಾಜು ಒಡೆಯುವ ಸುತ್ತಿಗೆ? ಅದೂ ಒಳಗೆ! ಹೊರಗಿದ್ದದ್ದು ನಾನೊಬ್ಬ.

ಚಿನ್ನಿಯ ನಗು ನಿಂತಿತು. ಹಣೆಯ ಕೂದಲು ಅಂಟಿಕೊಂಡಿತು. "ಶೆಕೆ" ಎಂದು ತುಟಿ ಅಲ್ಲಾಡಿತು. ಆಮೇಲೆ ಅಳು. ಗಾಜಿನ ಆಚೆಯ ಅಳುವಿಗೆ ಸದ್ದು ಕಡಿಮೆ. ಅದು ಇನ್ನೂ ಭಯಂಕರ. ನಾನು ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ಹಿಂಬದಿಯ ಕಿಟಕಿಯ ಗಾಜಿಗೆ ಬೀಸಿದೆ. ಕಲ್ಲು ಪುಟಿದು ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಗಾಜಿನ ನಡುವೆ ಹೊಡೆಯಬಾರದು, ಮೂಲೆಗೆ ಹೊಡೆಯಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಡುವೆಯೇ ಹೊಡೆದಿದ್ದೆ!

"ಏಯ್ ಏಯ್, ಇಡ್ಕಳ್ರಲಾ ಅವ್ನ! ಮಕ್ಕಳ್ ಕಳ್ಳ ಕಣ್ರಲಾ ಇವ್ನು!" ಎಂದು ಹೆಂಗಸು ಕೂಗಿಕೊಂಡಳು.

ಬೈಕುಗಳ ಒಡೆಯರು ಎಲ್ಲಿದ್ದರೋ, ನೆಲದಿಂದ ಎದ್ದವರಂತೆ ಬಂದರು. ಹುಲ್ಲಿನ ಹೊರೆ ಹೇರಿದ ಮೊಪೆಡ್ ನಿಲ್ಲಿಸಿ, ಹೆಗಲ ಮೇಲೆ ಟವೆಲ್ ಹಾಕಿದ್ದ ಯಜಮಾನರೊಬ್ಬರು ಇಳಿದರು. ಅವರೇ ಮುಂದೆ ಬಂದು ನನ್ನ ಬನಿಯನ್ನಿನ ಪಟ್ಟಿ ಹಿಡಿದರು. ಕೊರಳಪಟ್ಟಿ ಇಲ್ಲದ್ದರಿಂದ ಹಿಡಿಯಲು ಅವರಿಗೆ ಬೇರೆ ಏನೂ ಸಿಗಲಿಲ್ಲ.

"ಯಾರ್ಲಾ ನೀನು? ಯಾವೂರು?"

"ಅರಕಲಗೂಡು. ಅಂದ್ರೆ ಈಗ ಬಳ್ಳಾರಿ."

"ಯಾವ್ದಾದ್ರೂ ಒಂದ್ ಏಳು. ಮಗಿನ ಎಸ್ರೇನು?"

"ಅನ್ವಿತಾ... ಚಿನ್ನಿ ಅಂತೀವಿ... ನಮ್ಮವ್ವ ಲಕ್ಕಮ್ಮ ಅಂತಾರೆ..."

"ಒಂದ್ ಮಗೀಗೆ ಮೂರ್ ಎಸ್ರಾ?" ಎಂದು ಎಳನೀರಿನ ಹೆಂಗಸು ಗುಂಪಿನ ಕಡೆ ತಿರುಗಿದಳು. "ನೋಡ್ರಪ್ಪ, ಬಾಯಿಗೆ ಬಂದದ್ದು ಏಳ್ತಾವ್ನೆ!"

ಭಯವಾದಾಗ ಕೆಲವರಿಗೆ ಮಾತು ನಿಲ್ಲುತ್ತದೆ. ನನಗೆ ಆಫೀಸಿನ ಭಾಷೆ ಬರುತ್ತದೆ. "ದಯಮಾಡಿ ಗಮನಿಸಿ. ಸದರಿ ಮಗುವು ನನ್ನ ಅಧೀನದಲ್ಲಿರುತ್ತದೆ. ಅದರ ತಾಯಿಯವರು ಕಾರ್ಯನಿಮಿತ್ತ ರಸ್ತೆಯ ಆಚೆ ತೆರಳಿರುತ್ತಾರೆ" ಎಂದೆ. ಇಷ್ಟು ಶುದ್ಧವಾಗಿ ಮಾತಾಡುವ ಬನಿಯನ್ ಮನುಷ್ಯನನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಅನುಮಾನ ಇಮ್ಮಡಿಯಾಯಿತು.

"ಮಗೀನೇ ಕೇಳಾನ ಬುಡಿ" ಎಂದರು ಯಜಮಾನರು. ನನ್ನ ಪಟ್ಟಿ ಬಿಡದೆ ಗಾಜಿನ ಬಳಿ ಬಗ್ಗಿ, ನನ್ನ ಕಡೆ ಬೆರಳು ಮಾಡಿ, ಮೃದುವಾಗಿ ಕೂಗಿದರು: "ಅವ್ವಾ, ಅಳ್ಬ್ಯಾಡ ಕಣವ್ವ. ಇವ್ರು ಯಾರವ್ವ?"

ಚಿನ್ನಿ ಅಳು ನಿಲ್ಲಿಸಿ ಬಿಕ್ಕುತ್ತಾ ನನ್ನನ್ನು ನೋಡಿದಳು. ಅಪ್ಪ ಎನ್ನು ತಾಯೀ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ಗಾಜಿಗೆ ಬಾಯಿ ಹಚ್ಚಿ ಸ್ಪಷ್ಟವಾಗಿ ಹೇಳಿದಳು.

"ಗುಮ್ಮ!"

ಇನ್ನು ಸಾಕ್ಷಿ ಬೇಕೇ? ಹಿಂದಿನಿಂದ ಯಾರೋ ನನ್ನ ಕತ್ತಿನ ಮೇಲೆ ಕೈಯಿಟ್ಟರು. "ಎರಡ್ ಬುಡ್ಲಾ ಮದ್ಲು" ಎಂದರು ಇನ್ಯಾರೋ. ಏಟಿನ ಭಯ ನನಗಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಕಣ್ಣು ಗಾಜಿನ ಮೇಲಿತ್ತು. ಚಿನ್ನಿಯ ಮುಖ ಕೆಂಪಗಾಗಿತ್ತು. ಅವಳ ಅಳು ಸಣ್ಣದಾಗುತ್ತಿತ್ತು. ಅಳು ಜೋರಾದರೆ ಅಪ್ಪನಿಗೆ ಕಷ್ಟ, ಸಣ್ಣದಾದರೆ ಅಪ್ಪನ ಜೀವವೇ ಹೋಗುತ್ತದೆ.

"ನನ್ನನ್ನ ಆಮೇಲೆ ಹೊಡೀರಿ, ಮೊದ್ಲು ಬಾಗಿಲು!" ಎಂದು ಚೀರಿದೆ. ಒಂದೇ ಸಲ ಮೈ ಕೊಡವಿದೆ. ಬನಿಯನ್ನಿನ ಪಟ್ಟಿ ಪರ್ ಎಂದು ಹರಿದು ಯಜಮಾನರ ಕೈಯಲ್ಲೇ ಉಳಿಯಿತು. ನಾನು ಓಡಿದ್ದು ಎಳನೀರಿನ ರಾಶಿಯ ಕಡೆಗೆ. ಅಲ್ಲಿ ಬಿದ್ದಿದ್ದ ಮಚ್ಚು ಎತ್ತಿಕೊಂಡು ತಿರುಗಿದೆ.

ಅರ್ಧ ಬನಿಯನ್ನು, ಕೈಯಲ್ಲಿ ಮಚ್ಚು, ಕಣ್ಣಲ್ಲಿ ನೀರು. ಗುಂಪು "ಅಯ್ಯಯ್ಯೋ!" ಎಂದು ಎರಡಾಗಿ ಸೀಳಿತು. ಸೀಳಿದ ದಾರಿಯ ಆ ತುದಿಯಲ್ಲಿ ಸಿರಪ್ಪಿನ ಬಾಟಲು ಮತ್ತು ಒದ್ದೆ ಫ್ರಾಕು ಹಿಡಿದುಕೊಂಡು ನನ್ನ ಹೆಂಡತಿ ನಿಂತಿದ್ದಳು!

ರೂಪ ನನ್ನನ್ನು ನೋಡಿದಳು. ಮಚ್ಚು ನೋಡಿದಳು. ಕಾರು ನೋಡಿದಳು. ಅವಳ ಕೈಯಿಂದ ಬಾಟಲು ಬಿತ್ತು.

"ಅವ್ವ, ಈವಯ್ಯ ನಿಮ್ಗೆ ಏನಾಗ್ಬೇಕು?" ಎಂದರು ಯಜಮಾನರು.

ಅವಳು ಒಂದು ಕ್ಷಣ ಸುಮ್ಮನಿದ್ದಳು. ಆ ಒಂದು ಕ್ಷಣವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ನಮ್ಮ ಮನೆಯವ್ರು" ಎಂದಳು.

ನಾನು ಕಾರಿನ ಎಡಗಡೆಗೆ ಓಡಿದೆ. ಅವಳು ಬಲಗಡೆಗೆ, ಡ್ರೈವರ್ ಬಾಗಿಲಿಗೆ ಓಡಿದಳು. ಚಿನ್ನಿ ತಾಯಿಯನ್ನು ಕಂಡು ಗಾಜಿಗೆ ಎರಡೂ ಕೈ ಒತ್ತಿ ಹೊಸದಾಗಿ ಅಳಲು ತೊಡಗಿದಳು. "ತೆಗೀತೀಯೋ ಇಲ್ವೋ ಅದನ್ನ! ಲಾಕ್ ತೆಗಿ!" ಎಂದು ರೂಪ ಕೂಗಿದಳು. ಅವಳು ತೆಗೆಯಲಿಲ್ಲ. ರೂಪ ತಕ್ಷಣ ದನಿ ಬದಲಿಸಿದಳು. "ಸರಿ. ನೀನು ಇಲ್ಲೇ ಇರು. ನಾನು ಅಜ್ಜಿ ಮನೆಗೆ ಹೋಗ್ತೀನಿ. ಟಾಟಾ!" ಎಂದು ಕೈಬೀಸಿ, ಬೆನ್ನು ತಿರುಗಿಸಿ ನಡೆದೇಬಿಟ್ಟಳು.

ಈ ಕಡೆ ನಾನು ಮಚ್ಚಿನ ಹಿಂಬದಿಯಿಂದ, ಈ ಸಲ ನೆನಪಿಟ್ಟುಕೊಂಡು, ಹಿಂದಿನ ಕಿಟಕಿಯ ಗಾಜಿನ ಮೂಲೆಗೆ ಜೀವವೆಲ್ಲ ಸೇರಿಸಿ ಹೊಡೆದೆ. ಗಾಜು ಸಕ್ಕರೆಯಂತೆ ಪುಡಿಯಾಗಿ ಸುರಿಯಿತು. ಗೆದ್ದೆ! ಒಳಗೆ ಕೈ ಹಾಕಿ ಬಾಗಿಲು ತೆಗೆದು "ಚಿನ್ನೀ!" ಎಂದು ನುಗ್ಗಿದೆ. ಡ್ರೈವರ್ ಸೀಟು ಖಾಲಿ. ಆ ಕಡೆಯ ಬಾಗಿಲು ಹಾರುಹೊಡೆದಿತ್ತು.

ಅವಳು ಲಾಕು ಎಳೆದು ಬಾಗಿಲು ತೆಗೆದುಕೊಂಡು, "ಅಮ್ಮಾ, ನಾನೂ ಬತ್ತೀನೀ..." ಎಂದು ಅಳುತ್ತಾ ಆಗಲೇ ಇಳಿದು ಓಡಿದ್ದಳು. ಅಮ್ಮನ ಕಾಲು ತಬ್ಬಿಕೊಂಡು ನಿಂತಿದ್ದಳು. ನಾನು ಯಾರೂ ಇಲ್ಲದ ಕಾರಿನೊಳಗೆ, ಗಾಜಿನ ಪುಡಿಯ ಮೇಲೆ ಮೊಣಕಾಲೂರಿ, ಮಚ್ಚು ಹಿಡಿದು ಕೂತಿದ್ದೆ!

ಆಮೇಲೆ ಆ ಜನ ತೋರಿದ ಪ್ರೀತಿಯನ್ನು ಹೇಳಿ ಮುಗಿಸಲಾಗದು. ನನಗೆ ಎರಡು ಬಿಡಬೇಕೆಂದವನೇ ನೀರು ತಂದು ಮಗುವಿನ ತಲೆ ನೆನೆಸಿದ. ಎಳನೀರಿನ ಹೆಂಗಸು ಚಿನ್ನಿಯನ್ನು ನೆರಳಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಗಾಳಿ ಹಾಕುತ್ತಾ ಗುಟುಕು ಗುಟುಕಾಗಿ ಎಳನೀರು ಕುಡಿಸಿದಳು. ಕೆಂಪಗಿದ್ದ ಮುಖ ನಿಧಾನವಾಗಿ ತಿಳಿಯಾಯಿತು. "ಏನೂ ಆಗಿಲ್ಲ ಬುಡವ್ವ, ಮಗ ಗಟ್ಟಿ ಐತೆ" ಎಂದು ರೂಪಳಿಗೆ ಹೇಳಿ, ನನಗೂ ಒಂದು ಕೆತ್ತಿ ಕೊಟ್ಟಳು. "ಬೇಜಾರ್ ಮಾಡ್ಕಬ್ಯಾಡಿ ಸಾ. ನೀವು ನಿಂತಿದ್ದ ವರಸೆ ಅಂಗಿತ್ತು."

ಯಜಮಾನರು ಖಾಲಿ ಗೊಬ್ಬರದ ಚೀಲವೊಂದನ್ನು ಬಿಚ್ಚಿ ಒಡೆದ ಕಿಟಕಿಗೆ ಅಡ್ಡ ಕಟ್ಟಿಕೊಟ್ಟರು. ಹರಿದ ಪಟ್ಟಿಯನ್ನು ಮರ್ಯಾದೆಯಿಂದ ನನ್ನ ಕೈಗೆ ವಾಪಸ್ ಕೊಟ್ಟು, "ಮದ್ಲು ಒಂದ್ ಅಂಗಿ ಆಕ್ಕಳಿ ಸಾ" ಎಂದರು. ಡಿಕ್ಕಿಯ ಸಾಮಾನನ್ನೆಲ್ಲ ರಸ್ತೆಗೆ ಇಳಿಸಿ ಶರ್ಟು ಹುಡುಕಿ ಹಾಕಿಕೊಂಡೆ. ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದ್ದವು. ಸ್ಟಿಯರಿಂಗ್ ಮುಂದೆ ಕೂತು ಕೀ ಎಲ್ಲಿ ಹಾಕುವುದೆಂದು ಹುಡುಕತೊಡಗಿದೆ.

"ಹಿಂದೆ ಹೋಗಿ ಕೂತ್ಕೊಳ್ಳಿ" ಎಂದಳು ರೂಪ. ಅವಳಿಗೂ ಲೈಸೆನ್ಸ್ ಇದೆ. ನಾನು ಯಾವತ್ತೂ ಕೀ ಕೊಟ್ಟಿರಲಿಲ್ಲ, ಅಷ್ಟೆ. ಗಾಜಿನ ಚೂರು ಗುಡಿಸಿ, ಚಿನ್ನಿಯನ್ನು ಸೀಟಿಗೆ ಕಟ್ಟಿ, ನಾನು ಅವಳ ಪಕ್ಕದಲ್ಲಿ ಗೊಬ್ಬರದ ಚೀಲ ಹಿಡಿದು ಕೂತೆ. ಗಾಳಿಗೆ ಚೀಲ ಫಟಫಟ ಎನ್ನುತ್ತಿತ್ತು. ಚಿನ್ನಿ ಚಪ್ಪಾಳೆ ತಟ್ಟಿ, ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಬೆಳಗಿನಿಂದ ಅವಳು ಮಲಗಲೆಂದು ಬೇಡಿಕೊಂಡವನು ಈಗ ಎರಡು ನಿಮಿಷಕ್ಕೊಮ್ಮೆ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ರೂಪ ಒಂದು ಮಾತೂ ಬೈಯಲಿಲ್ಲ. ಲಾರಿಗಳನ್ನು, ತೆಂಗಿನಕಾಯಿ ತುಂಬಿದ ಟೆಂಪೋಗಳನ್ನು ದಾಟಿಕೊಂಡು ನೆಟ್ಟಗೆ ಓಡಿಸುತ್ತಿದ್ದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊಳೆನರಸೀಪುರದಲ್ಲಿ ಹೇಮಾವತಿ ಸೇತುವೆ ದಾಟಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿದಳು. ಎರಡೂ ಕೈ ಸ್ಟಿಯರಿಂಗಿನ ಮೇಲೇ ಇದ್ದವು. ಕನ್ನಡಿಯಲ್ಲಿ ನೋಡಿದೆ, ಅಳುತ್ತಿದ್ದಳು.

"ಟಾಟಾ ಅಂತ ತಿರುಗಿ ನಡೆದೆನಲ್ಲ" ಎಂದಳು. "ಹಿಂದೆ ತಿರುಗಿ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ ಕಣ್ರೀ. ಅವಳು ಬರ್ದೇ ಇದ್ದಿದ್ರೆ ಅಂತ..."

"ನಾನು ಇಳೀಬಾರ್ದಾಗಿತ್ತು" ಎಂದೆ.

"ಹೌದು. ಇಳೀಬಾರ್ದಾಗಿತ್ತು" ಎಂದಳು. ಕೈ ಹಿಂದಕ್ಕೆ ಚಾಚಿ ಮಗುವಿನ ಪಾದ ಹಿಡಿದಳು. ನಾನು ಅವಳ ಕೈ ಹಿಡಿದೆ. ಹೊಳೆಯ ಕಡೆಯಿಂದ ಗೊಬ್ಬರದ ಚೀಲದ ಸಂದಿನಲ್ಲಿ ತಣ್ಣನೆಯ ಗಾಳಿ ಬಂತು. ಅವಳು ಕಣ್ಣೊರೆಸಿಕೊಂಡು ಗೇರು ಹಾಕಿದಳು.

ಅರಕಲಗೂಡು ತಲುಪಿದಾಗ ಸಂಜೆಯ ಬಿಸಿಲು ಹಳದಿಯಾಗಿತ್ತು. ಅಕ್ಕಪಕ್ಕದವರು ನಿಜವಾಗಿಯೂ ಕಿಟಕಿಯಿಂದ ನೋಡಿದರು. ಗೊಬ್ಬರದ ಚೀಲ ಕಟ್ಟಿದ ಕಾರು, ಓಡಿಸುತ್ತಿರುವ ಸೊಸೆ, ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಮುದುಡಿ ಕೂತ ಮಗ.

ನಿದ್ದೆ ಮುಗಿಸಿ ಎದ್ದ ಚಿನ್ನಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, "ಗುಮ್ಮ ಕಾರು ಡಮಾಲ್!" ಎಂದು ಮೂರು ಪದಗಳಲ್ಲಿ ಇಡೀ ವರದಿ ಒಪ್ಪಿಸಿದಳು. ಉಳಿದದ್ದನ್ನು ರೂಪ ಹೇಳಿದಳು. ಅವ್ವ ಎದೆಗೆ ಕೈಯಿಟ್ಟುಕೊಂಡು, "ಅಯ್ಯೋ ನನ್ ಕಂದ! ಮಗ ಎಷ್ಟು ಎದ್ರಿತ್ತೋ ಏನೋ! ಮದ್ಲು ದೃಷ್ಟಿ ತಗೀಬೇಕು" ಎಂದು ಒಳಗೋಡಿ ಉಪ್ಪು, ಒಣಮೆಣಸಿನಕಾಯಿ, ಕಡ್ಡಿಪೊರಕೆ ತಂದರು. ಅಂಗಳದಲ್ಲಿ ಮಣೆ ಹಾಕಿದರು. ಹೆದರಿದ ಮಗುವನ್ನು ಕೂರಿಸಬೇಕಲ್ಲ, ಹುಡುಕಿದರೆ ಅದು ತಮ್ಮ ಸಾಕಿದ ಕೋಳಿಯ ಹಿಂದೆ ಕೇಕೆ ಹಾಕುತ್ತಾ ಓಡುತ್ತಿತ್ತು. ನಾನು ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದೆ. ಯುಗಾದಿಯ ಶೆಕೆಯಲ್ಲಿ ಕಂಬಳಿ!

ಅವ್ವ ನನ್ನ ಹಣೆ ಮುಟ್ಟಿದರು. "ಲೇ ಮಂಜ, ಮೈಯಿ ಕೆಂಡ್ದಂಗೆ ಸುಡ್ತಾ ಐತಲ್ಲೋ!" ಎಂದವರು ರೂಪಳ ಕಡೆ ತಿರುಗಿ ಕೂಗಿದರು. "ಮಗೀಗೇನೂ ಆಗಿಲ್ಲ ಕಣವ್ವ. ಎದ್ರಿರೋನು ಇವ್ನು!"

ಬೇಡ ಬೇಡ ಎಂದರೂ ಕೇಳದೆ ನನ್ನನ್ನೇ ಎಬ್ಬಿಸಿ ಮಣೆಯ ಮೇಲೆ ಕೂರಿಸಿದರು. ತಲೆಯಿಂದ ಕಾಲಿನವರೆಗೆ ಉಪ್ಪು ಮೆಣಸಿನಕಾಯಿ ನೀವಾಳಿಸಿ, "ಚನ್ನರಾಯಪಟ್ಟಣದ ಕಣ್ಣು, ದಾರಿ ಕಣ್ಣು, ನಾಲೆ ಕಣ್ಣು" ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆದು, ಒಲೆಗೆ ಹಾಕಿದರು. ಪಕ್ಕದ ಮನೆಯವರೆಲ್ಲ ಕಾಂಪೌಂಡಿನ ಮೇಲೆ ಗಲ್ಲ ಊರಿ ನೋಡಿದರು. ಮೊಮ್ಮಗಳಿಗೆಂದು ತಂದಿಟ್ಟಿದ್ದ ಕಪ್ಪು ದಾರ ನನ್ನ ಮಣಿಕಟ್ಟಿಗೆ ಸಾಲಲಿಲ್ಲ. ಎರಡು ದಾರ ಸೇರಿಸಿ ಗಂಟು ಹಾಕಿದರು.

ರಾತ್ರಿ ಊಟಕ್ಕೆ ಎಲ್ಲರಿಗೂ ಬಾಳೆಲೆಯ ಮೇಲೆ ಬಿಸಿ ಒಬ್ಬಟ್ಟು, ತುಪ್ಪ. ಚಿನ್ನಿಗೂ ಒಬ್ಬಟ್ಟು. ನನಗೆ ಮಾತ್ರ ಬಟ್ಟಲಲ್ಲಿ ಮೆತ್ತಗೆ ಕಲಸಿದ ಹಾಲನ್ನ. ಬೇಡವೆಂದು ಮುಖ ತಿರುಗಿಸಿದೆ. ಅವ್ವ ಗಲ್ಲ ಹಿಡಿದು ಈಚೆ ತಿರುಗಿಸಿದರು. ತಮ್ಮ ನಗು ತಡೆಯಲಾರದೆ ಎದ್ದು ಹೋದ. ಚಿನ್ನಿ ನನ್ನೆದುರು ಬಂದು ಕುಕ್ಕರುಗಾಲಲ್ಲಿ ಕೂತು, ಬೆರಳೆತ್ತಿ ಹೇಳಿದಳು: "ಆ ಮಾಡು ಅಪ್ಪ."

ಆ ಮಾಡಿದೆ. ಕೊನೆಯ ತುತ್ತು ನುಂಗಿದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.